ವರದಿ ಕೊಟ್ಟಾಯ್ತು, ಮುಂದೇನು? ಕಾಡ್ಗಿಚ್ಚಿನ ಸಂಶೋಧನೆ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ. ಕಾಡ್ಗಿಚ್ಚಿನ ಬಗ್ಗೆ ವಿಜ್ಞಾನಿಗಳಿಗೆ ಇಷ್ಟೆಲ್ಲ ಗೊತ್ತಿದ್ದೂ ಸರ್ಕಾರಗಳ ಕೆಲಸದಲ್ಲಿ ಅದು ಯಾಕೆ ಕಾಣುವುದಿಲ್ಲ ಅನ್ನುವುದು ಹೆಚ್ಚಿನವರ ತಕರಾರು. ಕೆಲವನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಬೆಂಕಿ ಹರಡುವ ವೇಗದ ಮೇಲೆ ಪಿಎಚ್‌ಡಿ ಮುಗಿಸಿದ್ದೇನೆ. ವರದಿಯನ್ನು ಅರಣ್ಯ ಇಲಾಖೆಗೆ ಕಳಿಸಿದೆ. 'ಸ್ವೀಕರಿಸಲಾಗಿದೆ' ಅನ್ನುವ ಒಂದು ಸಾಲು ಬಿಟ್ಟರೆ ಬೇರೇನೂ ಬಂದಿಲ್ಲ. ಏನು ಮಾಡಲಿ?

ನಿಮ್ಮ ವರದಿಯನ್ನು ಅಧಿಕಾರಿ ಇವತ್ತು ಪೂರ್ತಿ ಓದಿದರು ಅಂತಲೇ ಇಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಅವರು ಯಾವ ಕೆಲಸವನ್ನು ಬೇರೆ ಥರ ಮಾಡಬೇಕು? ಇದಕ್ಕೆ ಒಂದು ವಾಕ್ಯದ ಉತ್ತರ ನಿಮ್ಮ ಹತ್ತಿರ ಇರಬೇಕು. ಬರೆದ ನಿಮಗೇ ಅದು ಗೊತ್ತಿಲ್ಲದಿದ್ದರೆ ಓದುವವರಿಗೆ ಎಲ್ಲಿಂದ ಗೊತ್ತಾಗಬೇಕು? ಎಷ್ಟೋ ವರದಿಗಳು 'ಇನ್ನಷ್ಟು ಅಧ್ಯಯನ ಅಗತ್ಯ', 'ಇಲಾಖೆಗಳ ನಡುವೆ ಸಮನ್ವಯ ಬೇಕು' ಅಂತ ಮುಗಿಯುತ್ತವೆ. ಇದನ್ನು ಇಟ್ಟುಕೊಂಡು ಯಾರೂ ಆದೇಶ ಹೊರಡಿಸಲು ಆಗುವುದಿಲ್ಲ.

ನಿಮ್ಮ ವಿಷಯದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 1972ರಲ್ಲಿ ಅಮೆರಿಕದ ಮಿಸ್ಸೌಲಾದ ಕಾಡ್ಗಿಚ್ಚು ಪ್ರಯೋಗಾಲಯದ ರಿಚರ್ಡ್ ರಾಥರ್ಮೆಲ್ ಬೆಂಕಿ ಹರಡುವ ವೇಗಕ್ಕೆ ಸಮೀಕರಣಗಳನ್ನು ಕೊಟ್ಟರು. ಗಾಳಿ, ಇಳಿಜಾರು, ಒಣಹುಲ್ಲಿನ ತೇವ ಎಲ್ಲವೂ ಅದರಲ್ಲಿತ್ತು. ಆದರೆ ಹೊಗೆಯಲ್ಲಿ ನಿಂತವನಿಗೆ ಸಮೀಕರಣ ಬಿಡಿಸುತ್ತಾ ಕೂರಲು ಪುರುಸೊತ್ತು ಎಲ್ಲಿ? 1976ರಲ್ಲಿ ಫ್ರಾಂಕ್ ಆಲ್ಬಿನಿ ಅದನ್ನೇ ನಕ್ಷೆಗಳಾಗಿ ಮಾಡಿದರು. ಪೆನ್ಸಿಲ್, ಸ್ಕೇಲ್ ಇದ್ದರೆ ಗೆರೆ ಎಳೆದು ಉತ್ತರ ಓದಿಕೊಳ್ಳಬಹುದಿತ್ತು. 1979ರ ಹೊತ್ತಿಗೆ ಟಿಐ-59 ಅನ್ನುವ ಕ್ಯಾಲ್ಕುಲೇಟರಿಗೆ ಹಾಕುವ ಪುಟ್ಟ ಚಿಪ್ ಬಂತು. ಗಾಳಿ ಇಷ್ಟು, ಇಳಿಜಾರು ಇಷ್ಟು, ತೇವ ಇಷ್ಟು ಅಂತ ಒತ್ತಿದರೆ ಬೆಂಕಿಯ ವೇಗ, ಜ್ವಾಲೆಯ ಉದ್ದ ಎರಡೂ ಸಿಗುತ್ತಿತ್ತು.

ಜ್ವಾಲೆಯ ಉದ್ದದ ಪಕ್ಕದಲ್ಲಿ ಏನು ಮಾಡಬೇಕು ಅನ್ನುವುದನ್ನೂ ಬರೆದಿಟ್ಟರು. 4 ಅಡಿಯ ಒಳಗಿದ್ದರೆ ಕೈ ಸಲಕರಣೆ ಹಿಡಿದ ತಂಡ ಬೆಂಕಿಯ ಎದುರೇ ನಿಂತು ಕೆಲಸ ಮಾಡಬಹುದು. 4ರಿಂದ 8 ಅಡಿ ಇದ್ದರೆ ಜನರನ್ನು ಎದುರಿಗೆ ನಿಲ್ಲಿಸಬೇಡಿ, ಬುಲ್ಡೋಜರ್, ನೀರಿನ ಗಾಡಿ ತರಿಸಿ. 8 ಅಡಿ ದಾಟಿದರೆ ಎದುರಿಂದ ತಡೆಯುವ ಯೋಚನೆಯನ್ನೇ ಬಿಡಿ. ಬೆಂಕಿಯ ಮುಂದೆ ನಿಂತ ತಂಡದ ಮುಖಂಡನಿಗೆ ಬೇಕಾಗಿದ್ದದ್ದು ಇಷ್ಟೇ. ಅದೇ ವಿಜ್ಞಾನ ಈ ರೂಪಕ್ಕೆ ಬರಲು ಏಳು ವರ್ಷ ಹಿಡಿಯಿತು, ಮತ್ತು ಆ ಏಳು ವರ್ಷದ ಕೆಲಸಕ್ಕೂ ಸಂಬಳ ಕೊಡುವವರು ಇದ್ದರು.

ಹಾಗಾಗಿ ವರದಿಯನ್ನು ಮತ್ತೆ ಕಳಿಸಬೇಡಿ, ಒಂದು ಪುಟ ಬರೆಯಿರಿ. ಯಾರು, ಯಾವ ತಿಂಗಳಲ್ಲಿ, ಯಾವ ಜಾಗದಲ್ಲಿ, ಏನು ಮಾಡಬೇಕು, ಎಷ್ಟು ಖರ್ಚು, ಮಾಡದಿದ್ದರೆ ಏನಾಗುತ್ತದೆ ಅನ್ನುವುದು ಅದರಲ್ಲಿರಲಿ. ಕೊಡುವ ಹೊತ್ತೂ ಮುಖ್ಯ. ಬೆಂಕಿಯ ಕಾಲದಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಬಜೆಟ್ ಮುಗಿದ ಮೇಲೆ ಹೋದರೆ ಮುಂದಿನ ವರ್ಷ ಬನ್ನಿ ಅನ್ನುತ್ತಾರೆ. ಬೆಂಕಿಯ ಕಾಲ ಮುಗಿದು ಬಜೆಟ್ ಪ್ರಸ್ತಾವ ತಯಾರಾಗುವ ಆ ಸಣ್ಣ ನಡುವಿನ ಅವಧಿ ನಿಮ್ಮದು. ಇನ್ನೊಂದು ಮಾತು: ಮುಂದಿನ ಅಧ್ಯಯನದ ಪ್ರಶ್ನೆಯನ್ನೇ ಇಲಾಖೆಯವರ ಜತೆ ಕೂತು ರೂಪಿಸಿ. ತಾವೇ ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಮೂಲೆಗೆ ತಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಬೇಸಿಗೆಗೆ ಮೊದಲೇ ಸಣ್ಣ ಬೆಂಕಿ ಹಾಕಿ ತರಗೆಲೆ, ಒಣಹುಲ್ಲು ಸುಟ್ಟುಬಿಟ್ಟರೆ ದೊಡ್ಡ ಕಾಡ್ಗಿಚ್ಚಿನ ಜೋರು ತಗ್ಗುತ್ತದೆ ಅಂತ ದಶಕಗಳಿಂದ ಕೇಳುತ್ತಿದ್ದೇವೆ. ಆದರೂ ಅಧಿಕಾರಿಗಳು ಯಾಕೆ ಹಿಂದೇಟು ಹಾಕುತ್ತಾರೆ?

ಮೊದಲು ಒಂದು ತಿದ್ದುಪಡಿ. ಎಲ್ಲ ಕಾಡಿಗೂ ಈ ಮದ್ದು ಒಗ್ಗುವುದಿಲ್ಲ. ಸದಾ ತೇವವಿರುವ ಮಳೆಕಾಡಿಗೆ ಬೆಂಕಿ ಹಾಕಿದರೆ ಹಾನಿಯೇ ಜಾಸ್ತಿ. ಬೆಂಕಿಯ ಜತೆಗೇ ಬೆಳೆದು ಬಂದ ಪೈನ್ ಕಾಡು, ಹುಲ್ಲುಗಾವಲುಗಳ ಮಾತು ಬೇರೆ. ಅಲ್ಲೂ ಬಿರುಗಾಳಿಯ ದಿನ ಪೂರ್ತಿ ರಕ್ಷಣೆ ಸಿಗುತ್ತದೆ ಅಂತ ಯಾರೂ ಮಾತು ಕೊಡಲಾರರು.

ಇನ್ನು ಹಿಂದೇಟಿನ ವಿಷಯ. ಅವರಿಗೆ ವಿಜ್ಞಾನದ ಮೇಲೆ ಅನುಮಾನವಿಲ್ಲ, ಕೆಲಸ ಹೋಗುವ ಭಯ. ತಾನಾಗಿ ಬಿದ್ದ ಬೆಂಕಿ ಊರು ಸುಟ್ಟರೆ ಅದು ಪ್ರಕೃತಿ ವಿಕೋಪ. ಇಲಾಖೆ ಹಚ್ಚಿದ ಬೆಂಕಿ ಕೈಮೀರಿದರೆ ಸಹಿ, ತಾರೀಖು ಸಮೇತ ಒಬ್ಬರ ತಲೆಗೆ ಬರುತ್ತದೆ. ಬೆಂಕಿ ಹಾಕದೆ ಸುಮ್ನೆ ಕೂತದ್ದಕ್ಕೆ ಅಮಾನತಾದವರನ್ನು ನೀವು ನೋಡಿದ್ದೀರಾ?

ಈ ಭಯಕ್ಕೆ ಕಾರಣವೂ ಇದೆ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಅರಣ್ಯ ಸೇವೆಯೇ (ಅಲ್ಲಿನ ಕೇಂದ್ರ ಸರ್ಕಾರದ ಅರಣ್ಯ ಇಲಾಖೆ) ಹಚ್ಚಿದ ಬೆಂಕಿ ಗಾಳಿಗೆ ಸಿಕ್ಕಿ ಗೆರೆ ದಾಟಿತು. ಜನವರಿಯಲ್ಲಿ ಸುಟ್ಟಿದ್ದ ಇನ್ನೊಂದು ಕಡೆಯ ಕಟ್ಟಿಗೆ ರಾಶಿ ಹಿಮ ಬಿದ್ದರೂ ಒಳಗೊಳಗೇ ಉರಿಯುತ್ತಿದ್ದು ಅದೇ ತಿಂಗಳು ಮೇಲೆದ್ದಿತು. ಎರಡೂ ಸೇರಿ 3,41,000 ಎಕರೆಗೂ ಹೆಚ್ಚು ಸುಟ್ಟಿತು. ಆ ರಾಜ್ಯ ಕಂಡ ಅತಿ ದೊಡ್ಡ ಕಾಡ್ಗಿಚ್ಚು ಅದು. ಅರಣ್ಯ ಸೇವೆ ದೇಶದಾದ್ಯಂತ 90 ದಿನ ಇಂಥ ಬೆಂಕಿಯನ್ನು ನಿಲ್ಲಿಸಿತು. ಸಂತ್ರಸ್ತರ ಪರಿಹಾರಕ್ಕೆ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು.

ಫ್ಲಾರಿಡಾದವರು ಈ ಭಯವನ್ನು ಕಾನೂನಿನಿಂದಲೇ ಎದುರಿಸಿದರು. 1990ರ ಅವರ ಕಾಯ್ದೆಯ ಪ್ರಕಾರ ತರಬೇತಿ ಪಡೆದು ಪ್ರಮಾಣಪತ್ರ ಇರುವವರು, ಲಿಖಿತ ಯೋಜನೆ ಮಾಡಿ, ಅನುಮತಿ ಪಡೆದು ಬೆಂಕಿ ಹಾಕಿದರೆ ಅವರಿಗೆ ಕಾನೂನಿನ ರಕ್ಷಣೆ ಇದೆ. 1999ರಲ್ಲಿ ಆ ರಕ್ಷಣೆಯನ್ನು ಇನ್ನೂ ಬಲಪಡಿಸಿ, ಘೋರ ನಿರ್ಲಕ್ಷ್ಯ ಇದ್ದರೆ ಮಾತ್ರ ಹೊಣೆ ಅಂದರು. ಈಗ ಅಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಎಕರೆಗೆ ಇಂಥ ಬೆಂಕಿ ಹಾಕಲು ಅನುಮತಿ ಕೊಡುತ್ತಾರೆ. ಕ್ಯಾಲಿಫೋರ್ನಿಯಾ ಇದೇ ದಾರಿಗೆ ಬಂದದ್ದು 2021ರ ಕಾನೂನಿನಲ್ಲಿ, ಮೂವತ್ತು ವರ್ಷ ತಡವಾಗಿ. ಬೆಂಕಿಯಿಂದ ಆಗುವ ಲಾಭದ ಬಗ್ಗೆ ಇನ್ನೊಂದು ಪ್ರಬಂಧ ಬರೆಯುವವರು ಅಷ್ಟೇ ಶ್ರಮವನ್ನು ಕಾನೂನು ಇಲಾಖೆಯ ಟಿಪ್ಪಣಿಗೆ ಹಾಕಿದರೆ ಹೆಚ್ಚು ಕಾಡು ಉಳಿದೀತು ಅಂತ ನನಗೆ ಅನಿಸುತ್ತದೆ.

ಪ್ರಶ್ನೆ: ನಾನು ಇಲಾಖೆಯಲ್ಲೇ ಇದ್ದೇನೆ. ಇಷ್ಟು ಹೆಕ್ಟೇರ್ ಕೆಲಸ ಆಗಬೇಕು ಅಂತ ಗುರಿ ಕೊಡುತ್ತಾರೆ. ಗುರಿ ಮುಟ್ಟುತ್ತೇವೆ, ಆದರೆ ಅಪಾಯ ಕಮ್ಮಿಯಾಗಿದೆ ಅಂತ ಅನಿಸುವುದಿಲ್ಲ. ಬೇರೆ ಅಳತೆ ಇದೆಯೇ?

ನಿಮ್ಮ ಅನಿಸಿಕೆ ಸರಿಯಾಗಿಯೇ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಇದೇ ಪಾಠವನ್ನು ಕಷ್ಟಪಟ್ಟು ಕಲಿಯಿತು. 2009ರ ಫೆಬ್ರವರಿ 7ರ ಬೆಂಕಿಯಲ್ಲಿ ಅಲ್ಲಿ 173 ಜನ ಸತ್ತರು. ತನಿಖೆ ನಡೆಸಿದ ರಾಯಲ್ ಕಮಿಷನ್ 67 ಶಿಫಾರಸು ಮಾಡಿತು. ವರ್ಷಕ್ಕೆ ಸರ್ಕಾರಿ ಭೂಮಿಯ ಕನಿಷ್ಠ 5 ಶೇಕಡಾ ಭಾಗಕ್ಕೆ ಮುಂಜಾಗ್ರತೆಯ ಬೆಂಕಿ ಹಾಕಬೇಕು ಅನ್ನುವುದು ಅದರಲ್ಲಿ ಒಂದು. ಕೇಳಲು ಎಷ್ಟು ಸ್ಪಷ್ಟ, ಅಲ್ವಾ? ಆದರೆ ಹೆಕ್ಟೇರ್ ಲೆಕ್ಕ ಸುಲಭವಾಗಿ ಸಿಗುವುದು ಜನರಿಲ್ಲದ ದೂರದ ಬಯಲಿನಲ್ಲಿ. ಊರಿನ ಅಂಚಿನ 50 ಹೆಕ್ಟೇರಿಗೆ ಹೊಗೆಯ ದೂರು, ರಸ್ತೆ ಬಂದ್, ಹತ್ತು ಕಡೆ ಒಪ್ಪಿಗೆ. ದೂರದಲ್ಲಿ ಒಂದೇ ದಿನದಲ್ಲಿ ಸಾವಿರಾರು ಹೆಕ್ಟೇರ್ ಮುಗಿಯುತ್ತದೆ. ಗುರಿಯ ಪಟ್ಟಿಯಲ್ಲಿ ಎರಡನೆಯದ್ದೇ ಚಂದ ಕಾಣುತ್ತದೆ.

2015ರ ಪರಿಶೀಲನೆಯ ನಂತರ ಅವರು ಹೆಕ್ಟೇರ್ ಗುರಿಯನ್ನು ಕೈಬಿಟ್ಟರು. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಫೀನಿಕ್ಸ್ ಅನ್ನುವ ಕಂಪ್ಯೂಟರ್ ಮಾದರಿಯಲ್ಲಿ ಸಾವಿರಾರು ಕಡೆ ಬೆಂಕಿ ಹಚ್ಚಿ ನೋಡುತ್ತಾರೆ. ಏನೂ ಕೆಲಸ ಮಾಡದಿದ್ದರೆ ಎಷ್ಟು ಮನೆ ಹೋಗುತ್ತವೆ, ಇಂತಿಂಥ ಕಡೆ ಕೆಲಸ ಮಾಡಿದ್ದರೆ ಎಷ್ಟು ಅಂತ ಹೋಲಿಸುತ್ತಾರೆ. ಮೊದಲನೆಯದ್ದನ್ನು 100 ಅಂದುಕೊಂಡರೆ ಉಳಿದ ಅಪಾಯ 70ರೊಳಗೆ ಇರಬೇಕು ಅನ್ನುವುದು ರಾಜ್ಯದ ಗುರಿಯಾಯಿತು. ಊರಂಚಿನ ಆ ತಲೆನೋವಿನ 50 ಹೆಕ್ಟೇರಿಗೆ ಈಗ ಬೆಲೆ ಬಂತು.

ಇದರಲ್ಲೂ ಕೊರತೆ ಇದೆ. ಅಂಕಿ ಹುಟ್ಟುವುದು ಕಂಪ್ಯೂಟರಿನ ಒಳಗೆ. ಮಾದರಿಯ ಊಹೆ ತಪ್ಪಿದರೆ ಗುರಿಯೂ ತಪ್ಪುತ್ತದೆ, ಮತ್ತು ಮನೆಗಳ ಲೆಕ್ಕದಲ್ಲಿ ಪ್ರಾಣಿ ಪಕ್ಷಿಗಳು ಮರೆಯಾಗಿಬಿಡಬಹುದು. ಆದರೂ ಹೆಕ್ಟೇರಿಗಿಂತ ಇದು ವಾಸಿ. ನಿಮ್ಮಲ್ಲಿ ಇಂಥ ಮಾದರಿ ಇಲ್ಲದಿದ್ದರೆ ಹೆಕ್ಟೇರಿನ ಪಕ್ಕ ಇನ್ನೊಂದು ಕಾಲಂ ಸೇರಿಸಿ: ಹತ್ತಿರದ ಮನೆಗೆ ಎಷ್ಟು ದೂರ? ಅಷ್ಟರಿಂದಲೇ ಪ್ರಗತಿ ಪರಿಶೀಲನೆ ಸಭೆಯ ಮಾತು ಬದಲಾಗುತ್ತದೆ.

ಪ್ರಶ್ನೆ: ಕಾಡಂಚಿನ ಮನೆಗಳ ಸುತ್ತ ನೂರಾರು ಮೀಟರ್ ಮರ ಕಡಿದರೆ ಮುಗಿಯಿತಲ್ಲ?

ಇಲ್ಲ. ಅಷ್ಟು ಕಡಿಯುವ ಅಗತ್ಯವೂ ಇಲ್ಲ. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ 1997ರಿಂದ 2000ದವರೆಗೆ ನಿಜವಾದ ಕಾಡಿಗೇ ಬೆಂಕಿ ಹಚ್ಚಿ ಪ್ರಯೋಗ ಮಾಡಿದರು. ಜ್ಯಾಕ್ ಕೋಹೆನ್ ಅನ್ನುವ ವಿಜ್ಞಾನಿ ಮರದ ಗೋಡೆಗಳನ್ನು ಕಾಡಿನ ಅಂಚಿನಿಂದ 10, 20, 30 ಮೀಟರ್ ದೂರದಲ್ಲಿ ನಿಲ್ಲಿಸಿದರು. ಮರದ ತುದಿಯವರೆಗೆ ಎದ್ದ ಜ್ವಾಲೆಗೆ 10 ಮೀಟರಿನ ಗೋಡೆಗಳಲ್ಲಿ ಕೆಲವು ಹೊತ್ತಿಕೊಂಡವು. 20 ಮತ್ತು 30 ಮೀಟರಿನಲ್ಲಿದ್ದವು ಹೊತ್ತಿಕೊಳ್ಳಲಿಲ್ಲ.

ಹಾಗಾದರೆ ಮನೆಗಳು ಹೇಗೆ ಸುಡುತ್ತವೆ? ಹಾರಿ ಬರುವ ಕಿಡಿಗಳಿಂದ. ಛಾವಣಿ ಅಂಚಿನ ನೀರಿನ ಪೈಪಿನಲ್ಲಿ ಕೂತ ತರಗೆಲೆ, ಗೋಡೆಗೆ ಒರಗಿಸಿದ ಸೌದೆ, ದೊಡ್ಡ ಕಣ್ಣಿನ ಜಾಲರಿಯ ಗಾಳಿಕಿಂಡಿ, ಮನೆಗೆ ತಾಗಿದ ಮರದ ಬೇಲಿ. ಕಿಡಿಗೆ ಇಷ್ಟು ಸಾಕು. ಆಮೇಲೆ ಒಂದು ಮನೆಯಿಂದ ಇನ್ನೊಂದು ಮನೆಗೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಸುಟ್ಟು 85 ಜನ ಸತ್ತರು. ನಂತರ ನಡೆದ ಅಧ್ಯಯನದ ಪ್ರಕಾರ 1997ಕ್ಕಿಂತ ಹಿಂದೆ ಕಟ್ಟಿದ ಮನೆಗಳಲ್ಲಿ ಉಳಿದದ್ದು ನೂರಕ್ಕೆ ಸುಮಾರು 11.5, ನಂತರ ಕಟ್ಟಿದವುಗಳಲ್ಲಿ 38.5. ಪಕ್ಕದ ಮನೆ ಎಷ್ಟು ಹತ್ತಿರ ಸುಟ್ಟಿತು ಅನ್ನುವುದೂ ದೊಡ್ಡ ಕಾರಣವಾಗಿತ್ತು.

ಇಷ್ಟು ಗೊತ್ತಿದ್ದೂ ನಿಯಮ ಬರುವುದು ನಿಧಾನ. ಗೋಡೆಯಿಂದ ಮೊದಲ 5 ಅಡಿಯಲ್ಲಿ ಹೊತ್ತಿಕೊಳ್ಳುವಂಥದ್ದು ಏನೂ ಇರಬಾರದು ಅನ್ನುವ ಕಾನೂನನ್ನು ಕ್ಯಾಲಿಫೋರ್ನಿಯಾ 2020ರಲ್ಲೇ ಮಾಡಿತು. 2023ರ ಆರಂಭಕ್ಕೆ ವಿವರ ನಿಯಮಗಳು ಬರಬೇಕಿತ್ತು, ಬರಲಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ 16,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದ ಮೇಲೆ, ಫೆಬ್ರವರಿಯಲ್ಲಿ ಗವರ್ನರ್ ಆದೇಶ ಹೊರಡಿಸಿ ಬೇಗ ಮುಗಿಸಿ ಅಂದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಆದರೆ ಅಧಿಕಾರಿಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಕಿಟಕಿ ಕೆಳಗಿನ ಗುಲಾಬಿ ಗಿಡ ಕೀಳಿ ಅಂತ ಲಕ್ಷಾಂತರ ಮತದಾರರಿಗೆ ಹೇಳಲು ಯಾವ ಜನಪ್ರತಿನಿಧಿಗೆ ಧೈರ್ಯ ಬರುತ್ತದೆ?

ಪ್ರಶ್ನೆ: 'ಇಂದು ಅತಿ ಹೆಚ್ಚಿನ ಅಪಾಯ' ಅಂತ ಎಚ್ಚರಿಕೆ ಬರುತ್ತದೆ. ಅದನ್ನು ಕೇಳಿ ನಾನೇನು ಮಾಡಬೇಕು?

ಎಚ್ಚರಿಕೆ ಕೊಟ್ಟವರೇ ಅದನ್ನು ಹೇಳಬೇಕು. ಆಸ್ಟ್ರೇಲಿಯಾ 2022ರ ಸೆಪ್ಟೆಂಬರ್ 1ರಿಂದ ದೇಶಕ್ಕೆಲ್ಲ ಒಂದೇ ಪದ್ಧತಿ ತಂದು ಹಂತಗಳನ್ನು ನಾಲ್ಕಕ್ಕೆ ಇಳಿಸಿತು. ಪ್ರತಿ ಹಂತಕ್ಕೂ ಒಂದು ಕೆಲಸ ಅಂಟಿಸಿತು. ಕೆಳಗಿನ ಹಂತದಲ್ಲಿ ಯೋಜನೆ ಮಾಡಿಕೊಳ್ಳಿ, ಮೇಲಿನ ಹಂತದಲ್ಲಿ ಜೀವ ಉಳಿಯಬೇಕಾದರೆ ಜಾಗ ಬಿಡಿ. ಹಿಂದಿನ ಎಚ್ಚರಿಕೆಗಳು ಜನರಿಗೆ ಅರ್ಥವಾಗುತ್ತಿಲ್ಲ ಅಂತ ಸಮೀಕ್ಷೆಗಳು ತೋರಿಸಿದ್ದವು.

ಪ್ರಶ್ನೆ: ಹೆಲಿಕಾಪ್ಟರ್ ಕೊಳ್ಳಲು ದುಡ್ಡು ಇರುತ್ತದೆ, ತಡೆಯುವ ಕೆಲಸಕ್ಕೆ ಇರುವುದಿಲ್ಲ. ಇದು ಎಲ್ಲಾದರೂ ಬದಲಾಗಿದೆಯೇ?

ಪೋರ್ಚುಗಲ್‌ನಲ್ಲಿ ಬದಲಾಗಿದೆ. 2017ರ ಜೂನ್ ಮತ್ತು ಅಕ್ಟೋಬರ್ ಬೆಂಕಿಗಳಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಸಂಸತ್ತು ತಜ್ಞರ ಸ್ವತಂತ್ರ ಆಯೋಗ ನೇಮಿಸಿತು. ಅದರ ವರದಿಯ ಬೆನ್ನಿಗೇ ಪ್ರಧಾನಿಯ ಕೆಳಗೆ ಹೊಸ ಸಂಸ್ಥೆ ಹುಟ್ಟಿತು. ಮೊದಲು ಬೆಂಕಿ ಖರ್ಚಿನ ಐದನೇ ಒಂದು ಭಾಗ ಮಾತ್ರ ತಡೆಗೆ ಹೋಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಅರ್ಧದ ಹತ್ತಿರ ಬಂತು. ಬೆಂಕಿ ನಿಂತಿತು ಅಂತಲ್ಲ, 2024, 2025ರಲ್ಲೂ ದೊಡ್ಡ ಬೆಂಕಿಗಳು ಬಿದ್ದಿವೆ. ಒಬ್ಬರ ಮೇಜಿನ ಮೇಲೆ ಎರಡೂ ಖರ್ಚು ಅಕ್ಕಪಕ್ಕ ಬಂದಾಗಲೇ ಹೋಲಿಕೆ ಸಾಧ್ಯವಾಯಿತು ಅನ್ನುವುದು ನನ್ನ ಓದು. ಬೇರೆ ಬೇರೆ ಇಲಾಖೆಗಳಲ್ಲಿ ಇದ್ದಷ್ಟು ದಿನ ಯಾರಿಗೂ ಪೂರ್ತಿ ಲೆಕ್ಕ ಕಾಣುತ್ತಿರಲಿಲ್ಲ.

ಸರ್ಕಾರದ ದುಡ್ಡನ್ನೇ ಕಾಯಬೇಕಾಗಿಲ್ಲ ಅನ್ನುವುದಕ್ಕೆ ಆಸ್ಟ್ರೇಲಿಯಾದ ಉತ್ತರ ಭಾಗದ ಪಶ್ಚಿಮ ಆರ್ನೆಮ್ ಲ್ಯಾಂಡ್ ಒಂದು ಉದಾಹರಣೆ. ಅಲ್ಲಿನ ಮೂಲನಿವಾಸಿಗಳು ತಮ್ಮ ಹಿರಿಯರ ಪದ್ಧತಿಯಂತೆ ಒಣಗಾಲ ಶುರುವಾಗುವಾಗಲೇ ಅಲ್ಲಲ್ಲಿ ಸಣ್ಣ ಬೆಂಕಿ ಹಾಕುತ್ತಾರೆ. ಇದರಿಂದ ಒಣಗಾಲದ ಕೊನೆಯ ದೊಡ್ಡ ಬೆಂಕಿ ತಗ್ಗಿ, ಭೂಮಿಯನ್ನು ಬಿಸಿ ಮಾಡುವ ಮೀಥೇನ್, ನೈಟ್ರಸ್ ಆಕ್ಸೈಡ್ ಅನಿಲಗಳು ಎಷ್ಟು ಕಮ್ಮಿಯಾಗುತ್ತವೆ ಅಂತ ವಿಜ್ಞಾನಿಗಳು ಅಳೆದು ಕೊಟ್ಟರು. ಆ ಅಳತೆ ಇದ್ದದ್ದರಿಂದ 2006ರಲ್ಲಿ ಒಂದು ಅನಿಲ ಕಂಪನಿ ತನ್ನ ಹೊರಸೂಸುವಿಕೆಗೆ ಬದಲಾಗಿ 17 ವರ್ಷ, ವರ್ಷಕ್ಕೆ ಸುಮಾರು 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿತು. ಕೆಲ ವರ್ಷಗಳ ಬಳಿಕ ಕೇಂದ್ರ ಸರ್ಕಾರ ಅದೇ ಲೆಕ್ಕದ ವಿಧಾನವನ್ನು, ಇಂಥ ಅನಿಲ ತಗ್ಗಿಸಿದವರಿಗೆ ದುಡ್ಡು ಸಿಗುವಂತೆ ಮಾಡುವ ತನ್ನ ಕಾರ್ಬನ್ ಯೋಜನೆಗೆ ಸೇರಿಸಿಕೊಂಡಿತು. ಈಗ ಉತ್ತರದ ಬೇರೆ ಹುಲ್ಲುಗಾವಲುಗಳಲ್ಲೂ ಮೂಲನಿವಾಸಿ ರೇಂಜರ್‌ಗಳಿಗೆ ಈ ಕೆಲಸಕ್ಕೆ ಸಂಬಳ ಸಿಗುತ್ತಿದೆ.