ಬಿಳಿ ತೆನೆಗೆ ಔಷಧಿ ಕೇಳುವವರಿಗೆ

ಪ್ರಶ್ನೆ: ಭತ್ತದಲ್ಲಿ ಅಲ್ಲಲ್ಲಿ ತೆನೆ ಬಿಳಿಯಾಗಿ ನೆಟ್ಟಗೆ ನಿಂತಿದೆ. ಕಾಂಡ ಕೊರೆಯುವ ಹುಳು ಅಂತಾರೆ. ಯಾವ ಔಷಧಿ ಹೊಡೆಯಲಿ?

ಉತ್ತರ: ಯಾವುದೂ ಬೇಡ. ಪ್ರತಿ ಸಲ ತೆನೆ ಬರುವ ಹೊತ್ತಿಗೆ ಇದೇ ಪ್ರಶ್ನೆ. ಬಿಳಿಯಾದ ತೆನೆಯಲ್ಲಿ ಇನ್ನು ಕಾಳು ಕಟ್ಟುವುದಿಲ್ಲ. "ಇದೊಂದು ಹೊಡೀರಿ, ಹಸಿರಾಗುತ್ತೆ" ಅನ್ನುವವರು ಸುಳ್ಳು ಹೇಳುತ್ತಿದ್ದಾರೆ.

ಮೊದಲು ಒಂದು ಬಿಳಿ ತೆನೆ ಹಿಡಿದು ಎಳೆಯಿರಿ. ಸಲೀಸಾಗಿ ಕೈಗೆ ಬಂದರೆ ಹುಳುವಿನ ಕೆಲಸ. ಕಾಂಡ ಸೀಳಿದರೆ ಹಿಕ್ಕೆ ಕಾಣುತ್ತದೆ, ಒಮ್ಮೊಮ್ಮೆ ಹುಳುವೂ ಸಿಗುತ್ತದೆ. ಎಳೆದರೆ ಬರದೆ, ತೆನೆಯ ಕುತ್ತಿಗೆ ಕಪ್ಪಾಗಿದ್ದರೆ ಅದು ಬೆಂಕಿ ರೋಗ. ಅದರ ದಾರಿಯೇ ಬೇರೆ.

ನೀವು ನೋಡಬೇಕಿದ್ದದ್ದು ಈ ಹುಳುವಿನ ತಾಯಿ ಪತಂಗವನ್ನು, ಅದೂ ವಾರಗಳ ಹಿಂದೆ. ಹೆಣ್ಣು ಹಳದಿ, ಮುಂದಿನ ಎರಡೂ ರೆಕ್ಕೆಯ ನಡುವೆ ಒಂದೊಂದು ಕಪ್ಪು ಚುಕ್ಕೆ. ಗರಿಯ ತುದಿ ಹತ್ತಿರ ಗುಂಪಾಗಿ ಮೊಟ್ಟೆ ಇಟ್ಟು, ತನ್ನ ಹೊಟ್ಟೆಯ ತುದಿಯ ಕಂದು ಕೂದಲಿಂದ ಮುಚ್ಚುತ್ತದೆ. ಸುಮ್ನೆ ನೋಡಿದರೆ ಕೆಸರು ಒಣಗಿ ಅಂಟಿದ ಹಾಗಿರುತ್ತದೆ. ಸುಮಾರು ವಾರಕ್ಕೆ ಮರಿ ಹೊರಬರುತ್ತದೆ. ನೂಲಿನಲ್ಲಿ ಇಳಿದು, ಗಾಳಿಗೆ ತೂಗಿ ಪಕ್ಕದ ಬುಡಕ್ಕೂ ಹೋಗುತ್ತದೆ. ಎಲೆಕವಚದ ಸಂದಿಯಲ್ಲಿ ನುಗ್ಗಿ ಕಾಂಡ ಕೊರೆಯುತ್ತದೆ. ಒಳಗೆ ಸೇರಿದ ಮೇಲೆ ಎಲೆ ಮೇಲಿನ ಸಿಂಪಡಣೆ ಅದಕ್ಕೆ ಸರಿಯಾಗಿ ತಾಗುವುದೇ ಇಲ್ಲ.

ಹಾಗಾಗಿ ಸಸಿಮಡಿಯಿಂದಲೇ ಗರಿ ತುದಿ ನೋಡಿ, ಮೊಟ್ಟೆ ಕಂಡರೆ ಕಿತ್ತು ನಾಶ ಮಾಡಿ. ನಾಟಿಗೆ ಮೊದಲು ಎಲ್ಲ ಸಸಿಯ ತುದಿ ಕತ್ತರಿಸುವ ಪದ್ಧತಿಯೂ ಇದೆ. ಗರಿ ಒಣಗಿಸುವ ದುಂಡಾಣು ಅಂಗಮಾರಿ ರೋಗ ಇರುವ ಕಡೆ ನಾನು ಅದನ್ನು ಹೇಳುವುದಿಲ್ಲ, ಗಾಯದಿಂದ ರೋಗ ಹರಡುತ್ತದೆ. ಪತಂಗ ಹಾರಾಡುವುದು ತಿಳಿಯಲು, ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ ಇಡಿ. ಪತಂಗದ ಮೊಟ್ಟೆಯೊಳಗೇ ಬೆಳೆದು ಅದನ್ನು ಕೊಲ್ಲುವ ಟ್ರೈಕೋಗ್ರಾಮ ಎಂಬ ಪುಟ್ಟ ಕಣಜ ಹೊರಬರುವ ಕಾರ್ಡ್ ಕಟ್ಟುವ ಸಮಯ ಅದು. ಚದರ ಮೀಟರಿಗೆ ಒಂದು ಮೊಟ್ಟೆ ಗುಂಪು ಸಿಕ್ಕರೆ ಮಾತ್ರ ಕೀಟನಾಶಕದ ಯೋಚನೆ.

ಈಗ ಉಳಿದಿರುವುದು ಕೊಯ್ಲು. ನೆಲಮಟ್ಟಕ್ಕೆ ಕೊಯ್ದು ಕೂಳೆ ಉತ್ತುಬಿಡಿ. ಹುಳು ಕೂಳೆಯಲ್ಲೇ ಉಳಿದು ಮುಂದಿನ ಬೆಳೆಗೆ ಬರುತ್ತದೆ. ಇಷ್ಟು ಹೇಳಿದರೂ ಮಾಡುವವರು ಕಡಿಮೆ, ಅದೇ ನನಗೆ ಬೇಜಾರು.

ಪ್ರಶ್ನೆ: ಸುಳಿ ಒಣಗಿದೆ, ಯೂರಿಯಾ ಜಾಸ್ತಿ ಕೊಡಲಾ?

ಉತ್ತರ: ಬೇಡ. ಎಳೆ ಪೈರಿನ ಸುಳಿ ಒಣಗಿಸುವುದೂ ಇದೇ ಕಾಂಡ ಕೊರೆಯುವ ಹುಳು. ಯೂರಿಯಾ ಹೆಚ್ಚಾದ ಕಡು ಹಸಿರು ಪೈರಿಗೇ ಈ ಹುಳು ಜಾಸ್ತಿ. ಎಳೆ ಪೈರಾದರೆ ಹೊಸ ತೆಂಡೆ ಬಂದು ನಷ್ಟ ತುಂಬಿಕೊಳ್ಳುತ್ತದೆ.

ಪ್ರಶ್ನೆ: ಎರಡು ಮೂರು ಕೀಟನಾಶಕ ಬೆರೆಸಿ ಹೊಡೆಯಬಹುದಾ?

ಉತ್ತರ: ಖಂಡಿತ ಬೇಡ. ಕೀಟಗಳನ್ನು ಹತೋಟಿಯಲ್ಲಿಡುವ ಜೇಡ, ಕಣಜ ಸತ್ತು, ಪೈರಿನ ರಸ ಹೀರುವ ಕಂದು ಜಿಗಿಹುಳು ಏಳುತ್ತದೆ.