ಪುಗ್ಗಾ ಕಸಕ್ಕೆ ಹೋಯಿತು, ಮಗಳು ಎರಡು ದಿನ ಮಾತಾಡಲಿಲ್ಲ

ಕಲಬುರಗಿಯ ಒಬ್ಬ ತಾಯಿ ಬರೆದ ಪತ್ರ:

"ಅಕ್ಕ, ನನ್ನ ಮಗಳಿಗೆ ನಾಲ್ಕು ವರ್ಷ. ಫೆಬ್ರವರಿಯಲ್ಲಿ ಎರಡನೆಯವನು ಹುಟ್ಟಿದ. ಸಂಕ್ರಾಂತಿ ಮುಗಿಸಿಕೊಂಡು ಹುಮನಾಬಾದಿಗೆ, ತವರಿಗೆ ಹೋದವಳು ಏಪ್ರಿಲ್ ಕೊನೆಗೆ ವಾಪಸ್ ಬಂದೆ. ಮಗಳ ಎಲ್‌ಕೆಜಿ ತಪ್ಪುತ್ತದೆ ಅಂತ ಅವಳನ್ನು ಅತ್ತೆಯ ಹತ್ತಿರ ಬಿಟ್ಟು ಹೋಗಿದ್ದೆ. ಹೆಸರಿಡುವ ದಿನ ಎಲ್ಲರ ಜೊತೆ ಬಂದಿದ್ದಳು. ವಾಪಸ್ ಹೊರಟರೆ ಅಳುತ್ತಾಳೆ ಅಂತ ನನ್ನ ಪಕ್ಕ ಮಲಗಿಸಿ, ನಿದ್ದೆ ಹತ್ತಿದ ಮೇಲೆ ಎತ್ತಿಕೊಂಡು ಹೋದರು. ಈಗ ನಾನು ಬಂದರೂ ನನ್ನ ಹತ್ತಿರ ಮಲಗುವುದಿಲ್ಲ, ಆಯಿನೇ (ಅಜ್ಜಿನೇ) ಬೇಕು ಅಂತಾಳೆ. ಹಗಲು ಮಾತ್ರ ಕೂಸಿನ ಹಾಗೆ ಮಡಿಲಲ್ಲಿ ಮಲಗಿ ಹಾಲು ಕುಡಿಯುತ್ತೇನೆ ಅಂತ ಹಠ. ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ. 'ಇವನ್ನ ದವಾಖಾನಿಗೆ ವಾಪಸ್ ಕೊಟ್ಟ್ ಬಾ' ಅಂತಾಳೆ. ಮೊನ್ನೆ ಕಸ ಹೊಡೆಯುವಾಗ ಗಾಳಿ ಹೋದ ಪುಗ್ಗಾ (ಬಲೂನು) ಒಂದು ಸಿಕ್ಕಿತು, ಬಿಸಾಕಿದೆ. ಕಿರುಚಾಡಿದಳು. ಶರಣಬಸವೇಶ್ವರ ಜಾತ್ರೆಯಲ್ಲಿ ಅವಳ ಪಪ್ಪ ಕೊಡಿಸಿದ್ದಂತೆ, 'ನಿನಗ ತೋರಸ್ಬೇಕಂತ ಇಟ್ಕೊಂಡಿದ್ಳು' ಅಂತ ಅತ್ತೆ ಹೇಳಿದರು. ಅದೇ ದಿನ ಕೂಸಿನ ಕೆನ್ನೆ ಕೆಂಪಾಗುವ ಹಾಗೆ ಚಿವುಟಿದಳು, ನಾನು ಸಿಟ್ಟು ತಡೆಯದೆ ಬೆನ್ನಿಗೆ ಎರಡು ಹೊಡೆದೆ. ಎರಡು ದಿನ ನನ್ನ ಜೊತೆ ಮಾತಿಲ್ಲ. ಬಂದವರೆಲ್ಲ 'ತಮ್ಮ ಬಂದಾನ, ಇನ್ನ ನಿನಗ ಯಾರ್ ಕೇಳ್ತಾರ' ಅಂತ ನಗುತ್ತಾರೆ. ನನಗೂ ರಾತ್ರಿ ಅಳು ಬರುತ್ತದೆ. ತಮ್ಮನ ಮೇಲೆ ಇಷ್ಟು ಹೊಟ್ಟೆಕಿಚ್ಚು ಯಾಕೆ? ನಾನು ಕೆಟ್ಟ ತಾಯಿಯಾ?"

ತಂಗಿ, ಅಕ್ಕ ಅಂತ ಕರೆದಿದ್ದೀಯ, ನಾನೂ ನೀನು ಅಂತಲೇ ಬರೆಯುತ್ತೇನೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಅಲ್ಲ, ನೀನು ಕೆಟ್ಟ ತಾಯಿ ಅಲ್ಲ. ಮೂರು ತಿಂಗಳ ಕೂಸು, ಮೇ ತಿಂಗಳ ಕಲಬುರಗಿ ಬಿಸಿಲು, ಅರ್ಧ ನಿದ್ದೆ, ಅದರ ನಡುವೆ ಕೂತು ಮಗಳ ಬಗ್ಗೆ ಇಷ್ಟು ಉದ್ದ ಬರೆದಿದ್ದೀಯ ಅಂದರೆ ನಿನ್ನ ಜೀವ ಎಲ್ಲಿದೆ ಅಂತ ನನಗೆ ಗೊತ್ತಾಗುತ್ತದೆ.

ಇನ್ನು ಹೊಟ್ಟೆಕಿಚ್ಚಿನ ವಿಷಯ. ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ತಮ್ಮನ ಕಥೆ ಕಡಿಮೆ ಇದೆ, ತಾಯಿ ಇಲ್ಲದ ದಿನಗಳ ಕಥೆ ಜಾಸ್ತಿ ಇದೆ. ಸಂಕ್ರಾಂತಿಯಿಂದ ಏಪ್ರಿಲ್ ಕೊನೆಯವರೆಗೆ ಅಂದರೆ ಮೂರೂವರೆ ತಿಂಗಳು. ನಿನಗೆ ಅದು ಬಾಣಂತನದಲ್ಲಿ ಹೇಗೋ ಕಳೆದುಹೋಗಿದೆ. ಅವಳಿಗೆ ನೆನಪಿರುವ ಬದುಕೇ ಹೆಚ್ಚೆಂದರೆ ಒಂದೂವರೆ ಎರಡು ವರ್ಷ, ಅದರಲ್ಲಿ ಮೂರೂವರೆ ತಿಂಗಳು ಮಮ್ಮಿ ಇಲ್ಲ. ಹೋಗುವಾಗ ಒಬ್ಬಳೇ ಹೋದ ಮಮ್ಮಿ ಬರುವಾಗ ಬೇರೆ ಒಂದು ಕೂಸನ್ನು ಎತ್ತಿಕೊಂಡು ಬಂದಳು. ಅದೂ ಸದಾ ಎದೆಗೆ ಅಂಟಿಕೊಂಡಿರುವ ಕೂಸು. 'ದವಾಖಾನಿಗೆ ವಾಪಸ್ ಕೊಟ್ಟ್ ಬಾ' ಅನ್ನುವುದರಲ್ಲಿ ಅವಳ ಲೆಕ್ಕ ಇಷ್ಟೇ, ಇವನು ಬಂದಿದ್ದಕ್ಕೆ ಮಮ್ಮಿ ಹೋದಳು, ಇವನು ಹೋದರೆ ಮೊದಲಿನ ಮಮ್ಮಿ ಬರುತ್ತಾಳೆ.

ರಾತ್ರಿ ನಿನ್ನ ಹತ್ತಿರ ಯಾಕೆ ಮಲಗುವುದಿಲ್ಲ ಅನ್ನುವುದಕ್ಕೆ ಉತ್ತರ ನೀನೇ ಬರೆದಿದ್ದೀಯ, ಗಮನಿಸಿಲ್ಲ ಅಷ್ಟೇ. ಹಿಂದಿನ ಸಲ ನಿನ್ನ ಪಕ್ಕ ಮಲಗಿದಾಗ ಏನಾಯಿತು? ಕಣ್ಣು ಬಿಟ್ಟಾಗ ಕಲಬುರಗಿಯಲ್ಲಿದ್ದಳು. ನೀನು ಇರಲಿಲ್ಲ. ಅಳುವುದು ತಪ್ಪಲಿ ಅಂತ ದೊಡ್ಡವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದರು, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಾಗೇ ಮಾಡುತ್ತಾರೆ. ಆದರೆ ಅಳು ತಪ್ಪಲಿಲ್ಲ, ನಿನ್ನ ಕಣ್ಣಿಗೆ ಬೀಳಲಿಲ್ಲ ಅಷ್ಟೇ. ಮಮ್ಮಿಯ ಪಕ್ಕ ನಿದ್ದೆ ಮಾಡಿದರೆ ಮಮ್ಮಿ ಮಾಯವಾಗುತ್ತಾಳೆ ಅಂತ ಆ ಜೀವ ಕಲಿತುಬಿಟ್ಟಿದೆ. ಆಯಿಯ ಪಕ್ಕ ಮಲಗಿದರೆ ಬೆಳಗ್ಗೆ ಆಯಿ ಅಲ್ಲೇ ಇರುತ್ತಾರೆ.

ಅದಕ್ಕೇ ಅವಳನ್ನು ಒತ್ತಾಯ ಮಾಡಿ ನಿನ್ನ ಹಾಸಿಗೆಗೆ ಎಳೆಯಬೇಡ. ಅತ್ತೆಯ ಮೇಲೆ ಒಳಗೊಳಗೇ ಸಿಟ್ಟಾಗುವುದೂ ಬೇಡ. ಆ ಮೂರೂವರೆ ತಿಂಗಳು ತಲೆ ಬಾಚಿ, ಡಬ್ಬಿ ಕಟ್ಟಿ, ಶಾಲೆಗೆ ಕಳಿಸಿ, ರಾತ್ರಿ ತಟ್ಟಿ ಮಲಗಿಸಿದವರು ಅವರು. ನೀನು ಇಲ್ಲದಾಗ ಮಗುವಿಗೆ ಹಿಡಿದುಕೊಳ್ಳಲು ಇದ್ದ ಕೈ ಅದೊಂದೇ, ಅದನ್ನೂ ಬಿಡಿಸಿದರೆ ಅವಳು ಎಲ್ಲಿಗೆ ಹೋಗಬೇಕು? ಅತ್ತೆಗೆ ಬಾಯಿಬಿಟ್ಟು ಹೇಳು, ನೀವು ಇದ್ದಿದ್ದಕ್ಕೆ ನನ್ನ ಮಗಳು ಚೆನ್ನಾಗಿದ್ದಳು ಅಂತ. ನೀನು ಕೇಳುವ ಸಹಾಯಕ್ಕೂ ಆಗ ಅವರು ಬೇಗ ಒಪ್ಪುತ್ತಾರೆ.

ಆ ಸಹಾಯ ಯಾವುದು ಅಂತ ಹೇಳುತ್ತೇನೆ. ಈಗ ನಿಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಏನು ನಡೆಯುತ್ತಿರಬಹುದು ಅಂದರೆ, ಕೂಸು ಅತ್ತ ಕೂಡಲೇ "ನೀ ಆಯಿ ಹತ್ರ ಹೋಗವಾ, ಮಮ್ಮಿ ತಮ್ಮಗ ಹಾಲ್ ಕುಡಸ್ತಾಳ" ಅಂತ ಅವಳನ್ನು ಎಬ್ಬಿಸಿ ಕಳಿಸುತ್ತಾರೆ. ಅದನ್ನು ತಿರುಗಿಸಿಬಿಡು. ಹಾಲು ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ ಕೂಸನ್ನು ಅತ್ತೆಯ ಕೈಗೆ ಕೊಡು. ಅರ್ಧ ಗಂಟೆ ಮಗಳ ಜೊತೆ ಕೂತುಕೋ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪಾಠ ಬೇಡ, ಎಬಿಸಿಡಿ ಬೇಡ, ಅವಳು ಏನು ಆಡೋಣ ಅಂತಾಳೋ ಅದು. ಅಡುಗೆ ಆಟ ಆದರೆ ಅಡುಗೆ ಆಟ, ಸುಮ್ನೆ ಮಡಿಲಲ್ಲಿ ಬಿದ್ದುಕೊಳ್ಳುತ್ತೇನೆ ಅಂದರೆ ಬಿದ್ದುಕೊಳ್ಳಲಿ. ದಿನಾ ಒಂದೇ ಹೊತ್ತಿಗೆ ಆಗಬೇಕು, ಹಾಗಾದರೆ ಅವಳು ಅದಕ್ಕೆ ಕಾಯುವುದನ್ನು ಕಲಿಯುತ್ತಾಳೆ. ಈಗ ಶಾಲೆಗೆ ರಜೆ ಇದೆ, ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಇನ್ನೊಂದು ಮಾಡು. ಕೂಸು ಹಸಿದು ಅಳುತ್ತಿಲ್ಲ, ಸುಮ್ಮನೆ ಕುಂಯ್‌ಗುಡುತ್ತಿದೆ ಅಂತ ನಿನಗೆ ಗೊತ್ತಾದಾಗ ಅವಳ ಎದುರಿಗೇ ಕೂಸಿಗೆ ಹೇಳು, "ಸ್ವಲ್ಪ ತಡಿಯಪ್ಪ, ಅಕ್ಕನ ಜಡೆ ಹಾಕಿ ಬರ್ತೀನಿ." ಅಷ್ಟೇ. ಇಷ್ಟು ದಿನ ಕಾಯುವ ಸರದಿ ಬರೀ ಅವಳದ್ದಾಗಿತ್ತು. ಅವನೂ ಕಾಯುತ್ತಾನೆ ಅಂತ ಒಂದು ಸಲ ಕಿವಿಯಾರೆ ಕೇಳಲಿ, ಅವಳ ಮುಖ ನೋಡು ಆಗ.

ಮಡಿಲಲ್ಲಿ ಮಲಗಿ ಹಾಲು ಕುಡಿಯುತ್ತೇನೆ ಅನ್ನುವುದಕ್ಕೆ ಹೆದರಬೇಡ, ನಾಚಿಕೆನೂ ಬೇಡ. ನಿಜ ಹೇಳಬೇಕೆಂದರೆ ನಿನ್ನ ಇಡೀ ಪತ್ರದಲ್ಲಿ ನನಗೆ ಸಮಾಧಾನ ಕೊಟ್ಟ ಸಾಲು ಅದೇ. ರಾತ್ರಿ ದೂರ ಇರುತ್ತಾಳೆ, ಆದರೆ ಹಗಲು ಮಡಿಲು ಕೇಳುತ್ತಾಳೆ. ಮಡಿಲು ಕೊಡು. ಲೋಟದಲ್ಲಿ ಹಾಲು ತಂದು ಮಡಿಲಲ್ಲಿ ಕೂರಿಸಿಕೊಂಡು ಕುಡಿಸು, ಅವಳು ಸಣ್ಣವಳಿದ್ದಾಗ ಹೇಗಿದ್ದಳು ಅಂತ ಹೇಳು, ಯಾವಾಗ ಹಲ್ಲು ಬಂತು, ಮೊದಲು ಏನು ಮಾತಾಡಿದಳು, ಯಾರನ್ನು ನೋಡಿ ನಗುತ್ತಿದ್ದಳು. ಹಳೆ ಫೋಟೋ ಇದ್ದರೆ ತೋರಿಸು. ಹಾಸಿಗೆ ಒದ್ದೆ ಮಾಡುವುದೂ ಇದೇ ಸಾಲಿಗೆ ಸೇರಿದ್ದು. ತಮ್ಮನೋ ತಂಗಿಯೋ ಬಂದಾಗ ದೊಡ್ಡ ಮಕ್ಕಳು ಹೀಗೆ ಒಂದೆರಡು ಹೆಜ್ಜೆ ಹಿಂದೆ ಹೋಗುವುದು ಬಹಳ ಸಾಮಾನ್ಯ. ಐದು ವರ್ಷದೊಳಗೆ ಡಾಕ್ಟರುಗಳೂ ಅದನ್ನು ಕಾಯಿಲೆ ಅನ್ನುವುದಿಲ್ಲ. ಬೈಯಬೇಡ, ನೆಂಟರ ಎದುರು ಆಡಿ ತೋರಿಸಬೇಡ, ಮೇಣಗಪ್ಪಡದ ಮೇಲೆ ಒಂದು ಹಳೆ ಸೀರೆ ಹಾಸು, ಸಾಕು. ಉಚ್ಚೆ ಮಾಡುವಾಗ ಉರಿ ಅಂದರೆ, ಜ್ವರ ಬಂದರೆ, ಇಲ್ಲ ಹಗಲಲ್ಲೂ ಪದೇ ಪದೇ ಚಡ್ಡಿ ಒದ್ದೆ ಆಗುತ್ತಿದ್ದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸು.

ಚಿವುಟುವುದರಲ್ಲಿ ಮಾತ್ರ ಸಡಿಲ ಬಿಡಬೇಡ. ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಟ್ಟು ಒಲೆ ಮೇಲಿನ ಹಾಲು ನೋಡಿ ಬರುತ್ತೇನೆ ಅಂತಲೂ ಹೋಗಬೇಡ, ಒಂದು ನಿಮಿಷವೂ ಬೇಡ. ನಾಲ್ಕು ವರ್ಷದ ಮಗು ಪ್ರೀತಿಯಿಂದಲೂ ಅನಾಹುತ ಮಾಡಬಹುದು. ತೊಟ್ಟಿಲನ್ನು ಜೋರಾಗಿ ತೂಗಬಹುದು, ತಾನು ತಿನ್ನುವ ಶೇಂಗಾ ಒಂದು ಕಾಳು ತಮ್ಮನ ಬಾಯಿಗೆ ಇಡಬಹುದು. ಚಮಚದಲ್ಲಿ ನೀರು ಹಾಕಬಹುದು. (ನೀರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ, 42-43 ಡಿಗ್ರಿ ಬಿಸಿಲಿದೆ, ಕೂಸಿನ ಗಂಟಲು ಒಣಗುತ್ತದೆ ಅಂತ ಮನೆಯಲ್ಲಿ ಯಾರಾದರೂ ಅಂದರೂ ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಜೇನುತುಪ್ಪವಂತೂ ಒಂದು ವರ್ಷದವರೆಗೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ 87-88 ಭಾಗ ನೀರೇ ಇರುತ್ತದೆ. ಪದೇ ಪದೇ ಕುಡಿಸು, ನೀನು ಚೆನ್ನಾಗಿ ನೀರು, ಮಜ್ಜಿಗೆ ಕುಡಿ.) ಅವಳು ಚಿವುಟಲು ಕೈ ಚಾಚಿದಾಗ ಆ ಕೈ ಹಿಡಿದುಕೋ, ಮೆಲ್ಲಗೆ ಆದರೆ ಗಟ್ಟಿಯಾಗಿ. "ಸಿಟ್ಟು ಬಂದದ ಅಲ್ಲಾ? ಬರ್ಲಿ. ಚಿವುಟಬಾರ್ದು, ಅವನಿಗೆ ನೋಯ್ತದ" ಅನ್ನು. ಸಿಟ್ಟು ಬರಬಾರದು ಅಂತ ಮಾತ್ರ ಹೇಳಬೇಡ. "ನೀ ಅಕ್ಕ ಆಗೀದಿ, ದೊಡ್ಡಾಕಿ ಆಗೀದಿ" ಅನ್ನುವುದನ್ನೂ ಸ್ವಲ್ಪ ದಿನ ಬಿಡು. ನಾಲ್ಕು ವರ್ಷದವಳು ದೊಡ್ಡವಳಲ್ಲ, ಪಕ್ಕದಲ್ಲಿ ಮೂರು ತಿಂಗಳಿನವನು ಮಲಗಿದ್ದಕ್ಕೆ ನಮಗೆ ಹಾಗೆ ಕಾಣುತ್ತಾಳೆ.

ಹೊಡೆದದ್ದಕ್ಕೆ ಅವಳ ಹತ್ತಿರ ತಪ್ಪಾಯಿತು ಅಂತ ಹೇಳಿದೆಯಾ? ಹೇಳಿಲ್ಲ ಅಂದರೆ ಇವತ್ತೇ ಹೇಳು. "ನಂಗ ಸಿಟ್ಟು ಬಂದಿತ್ತು, ನಿನಗ ಹೊಡದೆ, ಹೊಡೀಬಾರ್ದಿತ್ತು." ಆಮೇಲೆ "ಆದರ ನೀನೂ..." ಅಂತ ಸೇರಿಸಬೇಡ.

ಈಗ ಬಂದವರ ಮಾತಿಗೆ ಬರುತ್ತೇನೆ, ಇದಕ್ಕೆ ನನಗೆ ಬಹಳ ಸಿಟ್ಟಿದೆ. "ಇನ್ನ ನಿನಗ ಯಾರ್ ಕೇಳ್ತಾರ", "ನಿನಗ ನುಚ್ಚು ಕೊಟ್ಟು ತಗೊಂಡೀವಿ, ಇಂವ ಖರೇ ಮಗ". ನಮ್ಮ ಕಡೆ ಇದನ್ನು ಚಾಷ್ಟಿ ಅಂತಾರೆ. ನನಗೆ ಐದು ವರ್ಷ ಇದ್ದಾಗ ನನ್ನ ತಮ್ಮ ಹುಟ್ಟಿದ, ಆಗ ನನಗೂ ಹೇಳಿದ್ದರು. ನಗುತ್ತಾ ಹೇಳಿದರು, ನಾನು ನಂಬಿದ್ದೆ. ಎಷ್ಟೋ ದಿನ ನನ್ನ ನಿಜವಾದ ಅವ್ವ ನುಚ್ಚು ತಗೊಂಡು ಹೋದವಳು ಅಂತ ತಿಳಿದು, ಓಣಿಯಲ್ಲಿ ಬುಟ್ಟಿ ಹೊತ್ತು ಯಾರು ಬಂದರೂ ಅವರ ಮುಖ ನೋಡುತ್ತಿದ್ದೆ. ಇವತ್ತಿಗೂ ನೆನಪಿದೆ. ಅದರಲ್ಲೂ ನಿನ್ನದು ಮೊದಲು ಹೆಣ್ಣು, ಆಮೇಲೆ ಗಂಡು. ಪೇಢಾ ಹಂಚಿದ್ದು, ತೊಟ್ಟಿಲು ಕಟ್ಟಿದ್ದು, ಬಂದವರೆಲ್ಲ "ವಂಶ ಬೆಳೀತು" ಅಂದಿದ್ದು, ಉಂಗುರ ತೊಡಿಸಿದ್ದು, ಎಲ್ಲವನ್ನೂ ಅವಳು ನಿಂತು ನೋಡಿದ್ದಾಳೆ. ಮಕ್ಕಳಿಗೆ ಶಬ್ದ ಅರ್ಥ ಆಗದಿದ್ದರೂ ತಕ್ಕಡಿ ಯಾವ ಕಡೆ ಜಗ್ಗಿತು ಅಂತ ಅರ್ಥ ಆಗುತ್ತದೆ.

ಇದನ್ನು ನಿಲ್ಲಿಸುವುದು ನಿನ್ನೊಬ್ಬಳ ಕೆಲಸ ಅಲ್ಲ, ನಿನ್ನ ಗಂಡನದ್ದು. ಅವರ ಮನೆಯ ಹಿರಿಯರಿಗೆ, ಅವರ ಅಕ್ಕತಂಗಿಯರಿಗೆ ಅವರೇ ಹೇಳಬೇಕು. ಜಗಳ ಬೇಡ. ಕೂಸನ್ನು ನೋಡಲು ಬಂದವರಿಗೆ ಬಾಗಿಲಲ್ಲೇ, "ಮೊದಲ ನಮ್ಮ ದೊಡ್ಡ ಕೂಸಿನ್ನ ಮಾತಾಡಸ್ರಿ, ಆಮ್ಯಾಲ ಸಣ್ಣವನ್ನ ಇಕೀನೇ ತೋರಸ್ತಾಳ" ಅಂದರೆ ಸಾಕು, ತಿಳಿದವರಿಗೆ ತಿಳಿಯುತ್ತದೆ. ತಿಳಿಯದವರು ಚಾಷ್ಟಿ ಶುರು ಮಾಡಿದರೆ ಮಗಳನ್ನು ಎತ್ತಿಕೊಂಡು, ಅವಳಿಗೆ ಕೇಳುವ ಹಾಗೆ, ಅವರಿಗೇ ಉತ್ತರ ಕೊಡಲಿ, "ನಾ ಕೇಳ್ತೀನ್ರಿ ಇಕೀಗೆ." ನಿನ್ನ ಗಂಡನಿಗೆ ಈ ಪತ್ರದ ಈ ಭಾಗವನ್ನಾದರೂ ಓದಿಸು. ರಾತ್ರಿ ಒಂದು ಸಲ ಕೂಸನ್ನು ಎತ್ತಿಕೊಂಡು ಓಡಾಡುವುದೂ ಅವರಿಂದ ಆಗುತ್ತದೆ, ಕೇಳು. ಕೇಳದೆ ಕಾಯುತ್ತಾ ಕೂರಬೇಡ.

ನಿನ್ನ ಅಳುವಿನ ಬಗ್ಗೆ. ಹೆರಿಗೆಯಾದ ಮೊದಲ ಎರಡು ವಾರ ಅಳು ಬರುವುದು ಎಷ್ಟೋ ಜನರಿಗೆ ಇರುತ್ತದೆ, ತಾನಾಗಿಯೇ ಹೋಗುತ್ತದೆ. ನಿನಗೆ ಮೂರು ತಿಂಗಳಾಯಿತು. ದಿನಾ ಬರುತ್ತಿದೆಯಾ? ಕೂಸು ಮಲಗಿದಾಗಲೂ ನಿನಗೆ ನಿದ್ದೆ ಬರುವುದಿಲ್ಲವಾ? ಊಟ ಸೇರುವುದಿಲ್ಲ, ನಾನು ಇದ್ದು ಏನು ಪ್ರಯೋಜನ ಅನ್ನಿಸುತ್ತದೆ, ಹಾಗೇನಾದರೂ ಇದೆಯಾ? ಇದ್ದರೆ ಅದು ಹಠವೂ ಅಲ್ಲ, ದೃಷ್ಟಿಯೂ ಅಲ್ಲ, ಬಾಣಂತಿಯರಿಗೆ ಬರುವ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಹೆರಿಗೆ ಮಾಡಿಸಿದ ಡಾಕ್ಟರಿಗೆ ಹೇಳು. ಮನೆಯಿಂದ ಹೊರಡುವುದು ಕಷ್ಟವಾದರೆ 14416ಕ್ಕೆ ಫೋನ್ ಮಾಡು, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಇಲ್ಲ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ಜೀವ ಕಳೆದುಕೊಳ್ಳುವ ಯೋಚನೆಯೋ, ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆಯೋ ಬಂದರೆ ಬೆಳಗಾಗುವವರೆಗೂ ಕಾಯಬೇಡ, ಗಂಡನನ್ನು ಎಬ್ಬಿಸು, ಆಸ್ಪತ್ರೆಗೆ ಹೋಗು.

ಹುಮನಾಬಾದಿಗೆ ಮತ್ತೆ ಹೋಗುವುದು ಇದ್ದರೆ, ಪಂಚಮಿಗೋ ಇನ್ಯಾವುದಕ್ಕೋ, ಮಗಳನ್ನು ಜೊತೆಗೇ ಕರೆದುಕೊಂಡು ಹೋಗು. ನಾಲ್ಕು ದಿನ ಶಾಲೆ ತಪ್ಪಿದರೆ ಏನೂ ಆಗುವುದಿಲ್ಲ. ಬಿಟ್ಟು ಹೋಗಲೇಬೇಕು ಅಂದರೆ ಅವಳು ಎಚ್ಚರ ಇದ್ದಾಗ ಹೇಳಿ ಹೋಗು, ಅತ್ತರೂ ಪರವಾಗಿಲ್ಲ. ಹೇಳಿದ ದಿನ ಬಂದುಬಿಡು. ರಸ್ತೆ ಬಿಟ್ಟರೆ 2017ರಿಂದ ಬೀದರ್ ಕಡೆಯ ರೈಲೂ ಹುಮನಾಬಾದ್ ಮೇಲೆ ಹೋಗುತ್ತದೆ, ಬೆಳಗ್ಗೆ ಹೋಗಿ ಸಂಜೆಗೆ ಬರುವಷ್ಟು ಹತ್ತಿರ.

ಕೊನೆಗೆ ಆ ಪುಗ್ಗಾ. ನಿನಗೆ ಅದು ಕಸದ ಜೊತೆ ಸಿಕ್ಕ ರಬ್ಬರ್ ತುಂಡು. ಹೋಳಿಯಾದ ಮೇಲಿನ ಜಾತ್ರೆಯಲ್ಲಿ ಕೊಡಿಸಿದ್ದು, ಗಾಳಿ ಒಂದೆರಡು ದಿನಕ್ಕೇ ಹೋಗಿರುತ್ತದೆ. ಆಮೇಲೂ ನೀನು ಬರುವವರೆಗೆ ತಿಂಗಳ ಮೇಲೆ ಕಾಯ್ದಿಟ್ಟಿದ್ದಳು. ಬೇರೆ ಪುಗ್ಗಾ ತಂದುಕೊಟ್ಟು ಮುಗಿಸಿಬಿಡೋಣ ಅಂತ ಹೋಗಬೇಡ. ಒಂದು ಸಂಜೆ, ಬಿಸಿಲು ಇಳಿದ ಮೇಲೆ, ಕೂಸಿಗೆ ಹಾಲು ಕುಡಿಸಿ ಮನೆಯಲ್ಲಿ ಬಿಟ್ಟು, ಅವಳೊಬ್ಬಳನ್ನೇ ಕರೆದುಕೊಂಡು ಶರಣಬಸವೇಶ್ವರ ಗುಡಿಗೆ ಹೋಗು. ಗುಡಿಯ ಕಟ್ಟೆ ಮೇಲೆ ಕೂತು ಹೇಳು, ನೀ ನನಗ ತೋರಸ್ಬೇಕಂತ ಇಟ್ಟಿದ್ದನ್ನ ನಾ ನೋಡ್ದೇ ಬಿಸಾಕ್ದೆ, ನಂದ ತಪ್ಪು ಅಂತ. ಆಮೇಲೆ ಜಾತ್ರೆಯ ಬಗ್ಗೆ ಕೇಳು. ತೇರು ಎಷ್ಟು ದೊಡ್ಡದಿತ್ತು, ಯಾರ ಹೆಗಲ ಮೇಲೆ ಕೂತು ನೋಡಿದಳು, ಏನು ತಿಂದಳು, ಪುಗ್ಗಾ ಯಾವ ಬಣ್ಣದ್ದಿತ್ತು. ಮೊದಲು ಮುಖ ಆ ಕಡೆ ತಿರುಗಿಸಿಕೊಂಡಾಳು. ಸುಮ್ಮನೆ ಕೂತಿರು. ಹೇಳಲು ಶುರು ಮಾಡಿದರೆ ನಡುವೆ ಬಾಯಿ ಹಾಕಬೇಡ, ಮನೆಯಲ್ಲಿ ಕೂಸು ಎದ್ದಿರಬಹುದು ಅಂತ ಅವಸರ ಮಾಡಬೇಡ. ಪೂರ್ತಿ ಹೇಳಲಿ.