ದೋಣಿಯ ಉದ್ದ ಅಳೆಯಲು ಟೇಪ್ ಎಲ್ಲಿಂದ ಎಲ್ಲಿಗೆ ಹಿಡಿಯಬೇಕು?

ಪ್ರಶ್ನೆ: ಶರಾವತಿ ಹಿನ್ನೀರಿನ ದಡದಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ಅತಿಥಿಗಳಿಗೆಂದು ಔಟ್‌ಬೋರ್ಡ್ ಎಂಜಿನ್ ಇರುವ ಫೈಬರ್ ದೋಣಿ ತಂದಿದ್ದೇವೆ. ಮಾರಿದವರು 20 ಅಡಿ ಅಂದರು. ಅಂಚಿನ ಗುಂಟ ಟೇಪ್ ಹಿಡಿದರೆ 19 ಅಡಿ, ನೇರವಾಗಿ ಅಳೆದರೆ 18, ಎಂಜಿನ್ ಸೇರಿಸಿದರೆ 20. ನೋಂದಣಿಗೆ ಯಾವುದನ್ನು ಬರೆಯಬೇಕು? 20 ಅಂತ ಬರೆದರೆ ಒಬ್ಬರನ್ನು ಜಾಸ್ತಿ ಕೂರಿಸಬಹುದು ಅಂತಾರೆ, ನಿಜವಾ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: 18 ಅಡಿ ಎಂದೇ ಬರೆಯಿರಿ.

ಸುರಕ್ಷತೆಯ ನಿಯಮಗಳಲ್ಲಿ ಸಣ್ಣ ದೋಣಿಯ ಉದ್ದ ಅಂದರೆ ಅದರ ಒಡಲಿನ ಉದ್ದ. ಮೂತಿಯ ತುದಿಯಿಂದ ಹಿಂಬದಿಯ ಹಲಗೆಯವರೆಗೆ, ದೋಣಿಯ ನಟ್ಟನಡುವಿನ ಗೆರೆಗೆ ಸಮಾನಾಂತರವಾಗಿ ನೇರ ಅಳತೆ. ಬಿಚ್ಚಿ ತೆಗೆಯಬಹುದಾದ ಯಾವುದೂ ಲೆಕ್ಕಕ್ಕಿಲ್ಲ. ಔಟ್‌ಬೋರ್ಡ್ ಎಂಜಿನ್, ಅದನ್ನು ಕೂರಿಸಿದ ಬ್ರಾಕೆಟ್, ಚುಕ್ಕಾಣಿ, ಏಣಿ ಎಲ್ಲ ಹೊರಗೆ. ದೋಣಿಗಳ ಅಳತೆಗೆಂದೇ ಇರುವ ಐಎಸ್‌ಒ 8666 ಮಾನದಂಡ ಹೇಳುವುದೂ ಇದನ್ನೇ, ಅಮೆರಿಕದ ಕೋಸ್ಟ್ ಗಾರ್ಡ್ ನಿಯಮವೂ ಹೆಚ್ಚುಕಡಿಮೆ ಇದೇ.

ಕಾರಣ ಸರಳ. ದೋಣಿಯನ್ನು ತೇಲಿಸುವುದು ಒಡಲು. ಹಿಂದೆ ನೇತಾಡುವ ಎಂಜಿನ್ ಯಾರನ್ನೂ ತೇಲಿಸುವುದಿಲ್ಲ, ಬದಲಿಗೆ ಹಿಂಬದಿಯನ್ನು ಕೆಳಕ್ಕೆ ಜಗ್ಗುತ್ತದೆ. ಹಾಗಾದರೆ ನೀರಿಗೆ ತಾಗದೆ ಮುಂದಕ್ಕೆ ಚಾಚಿದ ಮೂತಿಯನ್ನು ಯಾಕೆ ಸೇರಿಸಬೇಕು ಅಂತ ಕೇಳಬಹುದು. ಅದು ಒಡಲಿನದೇ ಭಾಗ. ಅಲೆ ಬಂದಾಗ ಮೊದಲು ಎದುರಿಸುವುದು ಅದೇ ಅಲ್ವಾ?

ಅಂಚಿನ ಗುಂಟ ಅಳೆದರೆ ಬಾಗಿದ ಗೆರೆಯ ಉದ್ದ ಸಿಗುತ್ತದೆ, ಅದು ಯಾವಾಗಲೂ ಜಾಸ್ತಿಯೇ. ದೋಣಿಯನ್ನು ದಡಕ್ಕೆ ಎಳೆದು, ನೀರಲ್ಲಿ ನಿಲ್ಲುವ ಹಾಗೆಯೇ ಮಟ್ಟವಾಗಿ ನಿಲ್ಲಿಸಿ. ಮೂತಿಯ ತುದಿಯಿಂದ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಮಾಡಿ, ಹಿಂಬದಿಯಲ್ಲೂ ಹಾಗೇ ಮಾಡಿ. ಎರಡು ಗುರುತುಗಳ ನಡುವಿನ ದೂರವೇ ಉದ್ದ. ದೋಣಿ ಇಳಿಜಾರಿನಲ್ಲಿ ನಿಂತಿದ್ದರೆ ಅಳತೆ ತಪ್ಪುತ್ತದೆ, ನಮ್ಮ ಕಡೆಯ ದಡಗಳಲ್ಲಿ ಸಮತಟ್ಟು ಜಾಗ ಹುಡುಕಲೇಬೇಕು. (ದುಂಡನೆಯ ತೆಪ್ಪಕ್ಕೆ ಈ ತಲೆನೋವಿಲ್ಲ. ಅಡ್ಡಡ್ಡ ಅಳೆದರೆ ಆಯಿತು.)

ಒಬ್ಬರನ್ನು ಜಾಸ್ತಿ ಕೂರಿಸುವ ಮಾತು ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಅಮೆರಿಕದಲ್ಲಿ ಸಣ್ಣ ದೋಣಿಗಳಿಗೆ ಒಂದು ಅಂದಾಜು ಸೂತ್ರವಿದೆ. ಅಡಿಗಳಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸುವುದು. ನಿಮ್ಮ ದೋಣಿ 6 ಅಡಿ ಅಗಲ ಅಂದುಕೊಳ್ಳಿ. 18 ಅಡಿಗೆ 7 ಜನ, 20 ಅಡಿಗೆ 8. ಎಂಜಿನ್ನಿನ ಉದ್ದ ಸೇರಿಸಿದ್ದಕ್ಕೆ ಕಾಗದದ ಮೇಲೆ ಒಬ್ಬರು ಹೆಚ್ಚಾದರು, ದೋಣಿ ಮಾತ್ರ ಒಂದಿಂಚೂ ಬೆಳೆದಿಲ್ಲ. ಆ ಸೂತ್ರವೂ ಒಬ್ಬರಿಗೆ ಸುಮಾರು 68 ಕಿಲೋ ತೂಕ ಮತ್ತು ಶಾಂತ ಹವೆ ಇದೆ ಅಂದುಕೊಂಡೇ ಹೇಳಿದ್ದು. ಮಳೆಗಾಲದ ಗಾಳಿಗೆ ಹಿನ್ನೀರಿನಲ್ಲಿ ಅಲೆ ಏಳುವುದನ್ನು ನೀವು ನೋಡಿಯೇ ಇರುತ್ತೀರಿ. ಆಗ 7 ಜನವೂ ಹೆಚ್ಚೇ. ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಮರಗಳ ಬೊಡ್ಡೆಗಳು ಮೇಲ್ಮೈ ಹತ್ತಿರಕ್ಕೆ ಬರುತ್ತವೆ. ಭಾರಕ್ಕೆ ಕುಸಿದ ದೋಣಿ ಅವುಗಳಿಗೆ ಬೇಗ ತಗಲುತ್ತದೆ.

ಉದ್ದ ಅನ್ನುವುದಕ್ಕೆ ಬೇರೆ ಲೆಕ್ಕಗಳೂ ಇವೆ. ದೊಡ್ಡ ಹಡಗುಗಳಿಗೆ ಭಾರದ ಗೆರೆ (ಭಾರ ತುಂಬಿದಾಗ ಹಡಗು ಎಲ್ಲಿಯವರೆಗೆ ಮುಳುಗಬಹುದು ಅಂತ ತೋರಿಸುವ ಗುರುತು) ಹಾಕಲು 1966ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಬೇರೆಯದೇ ಅಳತೆ ಇದೆ. ಅದು ನಿಮಗೆ ಬೇಡ. ಆದರೆ ದಡದಲ್ಲಿ ಕಟ್ಟಲು ಜಾಗ ಮಾಡುವಾಗ, ಟ್ರೇಲರ್ ಕೊಳ್ಳುವಾಗ ಎಂಜಿನ್ ಸೇರಿಸಿಯೇ ಅಳೆಯಿರಿ.

2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಎಂಜಿನ್ ದೋಣಿಗೆ ಸರ್ವೆ ಮತ್ತು ನೋಂದಣಿ ಬೇಕು. ಅರ್ಜಿಯಲ್ಲಿ ಉದ್ದಕ್ಕೆ ಬೇರೆ ವಿವರಣೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಸರ್ವೆಗೆ ಬಂದವರ ಎದುರೇ ಇನ್ನೊಮ್ಮೆ ಅಳೆಸಿ. ಅವರು ಕೊಟ್ಟ ಜನರ ಸಂಖ್ಯೆಯನ್ನು ದೋಣಿ ಹತ್ತುವವರಿಗೆಲ್ಲ ಕಾಣುವ ಹಾಗೆ ಪೇಂಟಿನಲ್ಲಿ ಬರೆಸಿ.